ಗುಂಡು ಒಂದೇ, ಲೆಕ್ಕ ಎರಡು

ಜತ್ತ: ಬೆಳಗಿನ ಐದಕ್ಕೆ ಎದ್ದು ಡಾಂಬರು ರಸ್ತೆ ಮೇಲೆ ಓಡುವ ಹುಡುಗರು ಈ ಭಾಗದ ಹಳ್ಳಿಗಳಿಗೆ ಹೊಸಬರಲ್ಲ. ಮಳೆ ಕೈಕೊಟ್ಟರೆ ಕಬ್ಬು ಕಡಿಯುವ ಗ್ಯಾಂಗ್ ಸೇರಬೇಕು, ಇಲ್ಲವೇ ಮಿಲಿಟರಿಗೆ ‘ಭರ್ತಿ’ ಆಗಬೇಕು. ಜತ್ತ, ಅಕ್ಕಲಕೋಟ, ಸೊಲ್ಲಾಪುರ ಕಡೆಯವರಿಗೆ ಕೊಲ್ಹಾಪುರದ ಸೇನಾ ಭರ್ತಿ ಕಚೇರಿ, ಗಡಿ ದಾಟಿದ ಅಥಣಿಯವರಿಗೆ ಬೆಳಗಾವಿ. ಲಿಖಿತ ಪರೀಕ್ಷೆಯನ್ನು 2025ರಿಂದ 13 ಭಾಷೆಗಳಲ್ಲಿ ಬರೆಯಲು ಅವಕಾಶವಾಯಿತು. ಅದರಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಇಲ್ಲಿನ ಕನ್ನಡ ಶಾಲೆ ಕಲಿತ ಹುಡುಗರಿಗೆ ಅದೊಂದು ಅನುಕೂಲವೇ ಸರಿ.

ಆದರೆ ‘ಹುಡುಗ ಫೌಜಿ ಆದ, ಇನ್ನು ಮನಿ ಚಿಂತಿ ಇಲ್ಲ’ ಅನ್ನೋ ಕಾಲ 2022ರ ಜೂನ್ 14ಕ್ಕೇ ಮುಗಿದಿದೆ. ಅಂದು ಘೋಷಣೆಯಾದ ಅಗ್ನಿಪಥ ಯೋಜನೆಯಂತೆ ಸೇವೆ ನಾಲ್ಕೇ ವರ್ಷ, ತರಬೇತಿಯೂ ಅದರಲ್ಲೇ. ಕೊನೆಗೆ ನೂರಕ್ಕೆ ಹೆಚ್ಚೆಂದರೆ 25 ಮಂದಿ ಖಾಯಂ. ಉಳಿದವರು ಪೆನ್ಶನ್, ಗ್ರ್ಯಾಚುಟಿ, ಮಿಲಿಟರಿ ಕ್ಯಾಂಟೀನು ಏನೂ ಇಲ್ಲದೆ ಮನೆಗೆ.

ಪಗಾರದ ಲೆಕ್ಕ ನೋಡಬೇಕು. ಮೊದಲ ವರ್ಷ ತಿಂಗಳಿಗೆ 30 ಸಾವಿರ ರೂಪಾಯಿ ಅನ್ನುತ್ತಾರೆ, ಕೈಗೆ ಬರುವುದು 21 ಸಾವಿರ. ಶೇ 30ರಷ್ಟು ‘ಸೇವಾ ನಿಧಿ’ಗೆ ಕಡಿತ. ನಾಲ್ಕನೇ ವರ್ಷ 40 ಸಾವಿರಕ್ಕೆ 28 ಸಾವಿರ ಕೈಗೆ. ಸೇವೆ ಮುಗಿಸಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸಿಗುತ್ತದೆ ಎಂದು ಸರ್ಕಾರ ಹೇಳಿದೆ. ಕೇಳಲು ದೊಡ್ಡ ಮೊತ್ತ. ಆದರೆ ಅದರಲ್ಲಿ 5.02 ಲಕ್ಷ ಆ ಹುಡುಗನದೇ ಪಗಾರ ಕಡಿದು ಇಟ್ಟಿದ್ದು. ಇದನ್ನು ಭರ್ತಿಯ ತರಬೇತಿ ಅಕಾಡೆಮಿಗಳ ಬೋರ್ಡಿನ ಮೇಲೆ ಯಾರೂ ಬರೆಯುವುದಿಲ್ಲ.

ಮೇ 9ರ ಸಾವು

ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು ಉಗ್ರರು 26 ಜನರನ್ನು ಕೊಂದ ಮೇಲೆ ದೇಶದ ಸಿಟ್ಟು ಸಹಜವಾಗಿತ್ತು. ಮೇ 7ಕ್ಕೆ ‘ಆಪರೇಷನ್ ಸಿಂಧೂರ’ ಶುರುವಾಗಿ ಮೇ 10ಕ್ಕೆ ಕದನ ನಿಂತಿತು. ಆ ನಾಲ್ಕು ದಿನ ಟಿ.ವಿ. ಸ್ಟುಡಿಯೊಗಳಲ್ಲಿ ಕೂತವರು ನಕಾಶೆ ಹಿಡಿದು ಊರೂರು ಗೆದ್ದರು. ಅದೇ ಹೊತ್ತಿಗೆ ಪೂಂಛ್‌ನಲ್ಲಿ ಶೆಲ್ ಬಿದ್ದು ಮಕ್ಕಳು ಸೇರಿ ಊರ ಮಂದಿ ಸತ್ತರು. ಗಡಿ ಅಂದರೆ ನಮ್ಮ ಕಡೆ ಬಸ್ಸಿನ ಬೋರ್ಡಿನ ಭಾಷೆ ಬದಲಾಗುವ ಜಾಗ. ಅಲ್ಲಿಯವರಿಗೆ ಹಾಗಲ್ಲ.

ಮೇ 9ರಂದು ಜಮ್ಮು-ಕಾಶ್ಮೀರದ ನಿಯಂತ್ರಣ ರೇಖೆ ಬಳಿ ಸತ್ತವರಲ್ಲಿ ಮುರಳಿ ನಾಯಕ್ ಒಬ್ಬರು. ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆ, ಗೋರಂಟ್ಲ ಮಂಡಲದ ಕಲ್ಲಿ ತಾಂಡಾದ ಲಂಬಾಣಿ ಹುಡುಗ. ಮಡಕಶಿರಾದ ಕನ್ನಡಿಗರಿಗೆ ಇದು ತಮ್ಮದೇ ಜಿಲ್ಲೆ. ತಂದೆ-ತಾಯಿ ಮುಂಬೈಯಲ್ಲಿ ಕೂಲಿ ಮಾಡಿ ಬದುಕಿದವರು. ಆತ ಅಗ್ನಿವೀರ.

ಆಂಧ್ರ ಸರ್ಕಾರ ಕುಟುಂಬಕ್ಕೆ 50 ಲಕ್ಷ ರೂಪಾಯಿ, ಐದು ಎಕರೆ ಜಮೀನು, ಮನೆ ಜಾಗ, ಒಬ್ಬರಿಗೆ ನೌಕರಿ ಘೋಷಿಸಿತು. ಒಳ್ಳೆಯದೇ ಆಯಿತು. ಆದರೆ ಇಂಥ ನೆರವು ರಾಜ್ಯಕ್ಕೊಂದು ಥರ. ಒಂದೇ ಬಂಕರಿನಲ್ಲಿ ನಿಂತ ಜತ್ತದ ಹುಡುಗನಿಗೂ ಅಥಣಿಯ ಹುಡುಗನಿಗೂ ಸಿಗುವುದು ಬೇರೆ ಬೇರೆ ಆಗಬಹುದು.

ಕೇಂದ್ರದ ಲೆಕ್ಕದಲ್ಲಿ ಇರುವ ಭೇದ ಇದಕ್ಕಿಂತ ಆಳ. ಯುದ್ಧದಲ್ಲಿ ಸತ್ತ ಅಗ್ನಿವೀರನ ಮನೆಗೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ, ಸೇವಾ ನಿಧಿ, ಉಳಿದ ಅವಧಿಯ ಪಗಾರ ಇದೆ. ಕೂಡಿಸಿದರೆ ಕೋಟಿಯ ಆಸುಪಾಸು. ಸಣ್ಣ ಮೊತ್ತ ಅಲ್ಲ, ಹಾಗೆಂದು ವಾದಿಸುವುದೂ ಸರಿಯಲ್ಲ. ಆದರೆ ಅವನ ಪಕ್ಕದಲ್ಲೇ ಸತ್ತ ಖಾಯಂ ಸೈನಿಕನ ಕುಟುಂಬಕ್ಕೆ ಆತನ ಕೊನೆಯ ಪಗಾರದಷ್ಟೇ ಪೆನ್ಶನ್ ತಿಂಗಳಾ ತಿಂಗಳಾ ಬರುತ್ತದೆ, ತುಟ್ಟಿಭತ್ಯೆ ಸೇರಿ. ಅಗ್ನಿವೀರನ ತಾಯಿಗೆ ಅದಿಲ್ಲ. ಸಾಲ, ತಂಗಿ ಲಗ್ನ, ಬೋರ್‌ವೆಲ್ ಇದ್ದ ಮನೆಯಲ್ಲಿ ಇಡಿಗಂಟು ಎಷ್ಟು ದಿನ ನಿಲ್ಲುತ್ತದೆ ಅನ್ನೋದು ಈ ಕಡೆ ಮಂದಿಗೆ ಹೇಳಿಕೊಡಬೇಕಿಲ್ಲ. ಇನ್ನು ಸಾವಿಗೂ ಸೇವೆಗೂ ಸಂಬಂಧ ಇಲ್ಲ ಎಂದು ಕಡತದಲ್ಲಿ ಬಂದರೆ ಆ 44 ಲಕ್ಷವೂ ಇಲ್ಲ.

ಸರ್ಕಾರದ ಮಾತು ಬೇರೆ. ಸೇನೆಯ ಸರಾಸರಿ ವಯಸ್ಸು ನಾಲ್ಕೈದು ವರ್ಷ ಇಳಿಯಬೇಕು ಎನ್ನುತ್ತದೆ. ಪೆನ್ಶನ್ ಭಾರವೂ ಸುಳ್ಳಲ್ಲ. 2025-26ರ 6.81 ಲಕ್ಷ ಕೋಟಿ ರೂಪಾಯಿ ರಕ್ಷಣಾ ಬಜೆಟ್‌ನಲ್ಲಿ 1.60 ಲಕ್ಷ ಕೋಟಿ ಪೆನ್ಶನ್‌ಗೇ ಇಟ್ಟಿದ್ದರು. ಆದರೆ ಉಳಿತಾಯಕ್ಕೆ ಕತ್ತರಿ ಬಿದ್ದಿದ್ದು ಎಲ್ಲಿ? ಅಧಿಕಾರಿಗಳ ಭರ್ತಿಗೆ ಅಗ್ನಿಪಥ ಇಲ್ಲ. ಸಂಸದರಾಗಿ ಒಂದು ಅವಧಿ ಮುಗಿಸದಿದ್ದರೂ ಪೆನ್ಶನ್ ಉಂಟು, ಅದನ್ನು 2025ರ ಮಾರ್ಚ್‌ನಲ್ಲಿ ತಿಂಗಳಿಗೆ 25 ಸಾವಿರದಿಂದ 31 ಸಾವಿರಕ್ಕೆ ಏರಿಸಲಾಯಿತು. ನೀರಿಲ್ಲದ ತಾಲ್ಲೂಕಿನ ಜವಾನನ ಪಾಲಿಗೆ ಮಾತ್ರ ಖಜಾನೆ ಸಣ್ಣದಾಯಿತು. ಯುದ್ಧ ಬೇಕು ಎಂದು ಕೂಗುವ ಮನೆಗೂ ಯುದ್ಧಕ್ಕೆ ಮಗನನ್ನು ಕಳಿಸುವ ಮನೆಗೂ ನಡುವೆ ಇಷ್ಟು ದೂರ ಇರುವಾಗ ಶಾಂತಿಯ ಮಾತಾಡಿದವರನ್ನು ಹೇಡಿ ಅನ್ನುವುದು ಸುಲಭ.

ಅಗ್ನಿವೀರರ ಮೊದಲ ತಂಡಗಳು ತರಬೇತಿಗೆ ಹೋಗಿದ್ದು 2022ರ ಕೊನೆ, 2023ರ ಆರಂಭದಲ್ಲಿ. ನಾಲ್ಕು ವರ್ಷದ ಲೆಕ್ಕ ಹಿಡಿದರೆ ಅವರ ಅವಧಿ 2026ರ ಕೊನೆ, 2027ರ ಆರಂಭಕ್ಕೆ ತುಂಬುತ್ತದೆ. ಕೇಂದ್ರದ ಪೊಲೀಸ್ ಪಡೆಗಳಲ್ಲಿ ಮೀಸಲಾತಿ ಘೋಷಣೆಯಾಗಿದೆ, ಆದರೆ ಮೀಸಲಾತಿ ಅಂದರೆ ಮತ್ತೆ ಅರ್ಜಿ, ಮತ್ತೆ ಓಟ, ಮತ್ತೆ ಪರೀಕ್ಷೆ.

ಸತ್ತ ಅಗ್ನಿವೀರರ ಕುಟುಂಬಕ್ಕೆ ಖಾಯಂ ಸೈನಿಕರ ಕುಟುಂಬದಷ್ಟೇ ಸೌಲಭ್ಯ ಕೊಡಿ ಎಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ 2024ರಲ್ಲೇ ಶಿಫಾರಸು ಮಾಡಿತ್ತು. ಮುರಳಿ ನಾಯಕ್ ಅವರ ತಾಯಿ 2025ರಲ್ಲಿ ಮುಂಬೈ ಹೈಕೋರ್ಟ್ ಮೆಟ್ಟಿಲು ಹತ್ತಿದರು. ಖಾಯಂ ಸೈನಿಕನ ಮನೆಗೆ ಸಿಗುವ ಪೆನ್ಶನ್ ಮತ್ತು ಸೌಲಭ್ಯ ತಮ್ಮ ಮನೆಗೂ ಸಿಗಬೇಕು ಎಂಬುದೇ ಆಕೆಯ ಬೇಡಿಕೆ.