ಸ್ವಿಚ್ಚಿಗಿಂತ ಮೊದಲು ಬೋಲ್ಟ್ ನೋಡೋಣ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದ ನಮ್ಮಲ್ಲಿ ಹಲವರ ಮನೆಯ ಕಾರು ಹಳೇದು. ಅದಕ್ಕೆ ಎಲೆಕ್ಟ್ರಿಕ್ ಸೀಟ್ ಹಾಕಿಸೋ ಆಸೆಯನ್ನ ಬರೀ ಶೋಕಿ ಅಂತ ನಾವು ನಗಬಾರದು. ಮೊಣಕಾಲು ನೋವಿರೋ ಅಜ್ಜಿಗೆ ಸೀಟು ನಾಲ್ಕು ಬೆರಳು ಮೇಲೆದ್ದರೂ ಇಳಿಯೋದು ಸಲೀಸು.

ಆದ್ರೆ ಮನೆಯವರು “ಇಂಜಿನಿಯರಿಂಗ್ ಓದಾಕತ್ತೀಯಲ್ಲ, ನೋಡಿ ಹೇಳಪಾ” ಅಂದಾಗ ನಾವು ವೈರಿಂಗ್ ಬಗ್ಗೆಯಷ್ಟೇ ಮಾತಾಡ್ತೀವಿ. ಅದು ಸುಲಭದ ಭಾಗ. ಮೋಟರ್ 10 ಆಂಪಿಯರ್ ಎಳೆದರೆ, 12 ವೋಲ್ಟಿಗೆ 120 ವ್ಯಾಟ್. ಬ್ಯಾಟರಿಯಿಂದ ಬೇರೆಯೇ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ ಸರಿಯಾದ ಫ್ಯೂಸ್ ಇರಬೇಕು.

ಕಷ್ಟ ಇರೋದು ಸೀಟಿನ ಕೆಳಗೆ. ಗಂಟೆಗೆ 50 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಾಗಿ ಕಾರು 0.1 ಸೆಕೆಂಡಿನಲ್ಲಿ ನಿಂತರೆ, 30 ಕೆ.ಜಿ. ಸೀಟನ್ನ ಹಿಡಿದಿಡೋಕೆ ಸುಮಾರು 4,200 ನ್ಯೂಟನ್ ಬಲ ಬೇಕು. ಬೆಲ್ಟಿನ ಬಕಲ್ ಸೀಟಿಗೇ ಇದ್ದರೆ ಕೂತವರ ಹೊರೆಯೂ ಸೇರುತ್ತೆ. ಶಿಗ್ಗಾಂವಿ ಹತ್ತಿರ ಹೆದ್ದಾರಿ 48 ಹತ್ತಿದ ಮೇಲೆ 50ರಲ್ಲಿ ಹೋಗೋರು ಯಾರು? ಬೇರೆ ಕಾರಿನ ಸೀಟು ನಮ್ಮ ಕಾರಿನ ತೂತಿಗೆ ಕೂಡಲ್ಲ ಅಂತ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿದ್ರೆ, ಅಷ್ಟೂ ಬಲ ಆ ವೆಲ್ಡಿನ ಮೇಲೆ. ಅದನ್ನ ಯಾರೂ ಪರೀಕ್ಷೆ ಮಾಡಿರಲ್ಲ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟೇ. ಅದೇ ಮಾಡೆಲ್ಲಿನ ಮೇಲಿನ ವೇರಿಯಂಟ್‌ನ ಸೀಟು ಸಿಕ್ಕು, ಕಂಪನಿ ಕೊಟ್ಟ ತೂತುಗಳಿಗೇ ಸರಿಯಾಗಿ ಕೂತರೆ ಹಾಕಿಸೋಣ. ಕೂರದಿದ್ದರೆ ಮನೆಯಲ್ಲಿ ಬ್ಯಾಡ ಅಂತ ಧೈರ್ಯವಾಗಿ ಹೇಳೋಣ. ಅಜ್ಜಿ ಇಳಿಯೋವಾಗ ಕೈ ಹಿಡಿಯೋಕೆ ನಾವಿದ್ದೀವಲ್ಲ.