ತಿಂಗಳುಗಟ್ಟಲೆ ನಿಂತ ಬೈಕ್ ಸ್ಟಾರ್ಟ್ ಆಗುತ್ತಿಲ್ಲವೇ? ಫಾರ್ವರ್ಡ್ ಮದ್ದು ಹಾಕುವ ಮೊದಲು ಇದನ್ನು ಓದಿ

ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿ, ಸ್ವಲ್ಪ ಥಿನ್ನರ್ ಸುರಿಯಿರಿ, ಕಾರ್ಬ್ಯುರೇಟರ್‌ನ ತೂತಿಗೆ ಪಿನ್ ಚುಚ್ಚಿ, ಹಳೆ ಪೆಟ್ರೋಲನ್ನು ಪೈಪಿನಿಂದ ಬಾಯಲ್ಲಿ ಎಳೆದು ತೆಗೆಯಿರಿ. ನಿಂತುಹೋದ ಬೈಕಿಗೆ ಇಂಥ ಸಲಹೆಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇರುತ್ತವೆ. ಇವುಗಳಲ್ಲಿ ಕೆಲವು ಗಾಡಿಯನ್ನು ಕೆಡಿಸುತ್ತವೆ. ಒಂದಂತೂ ಜೀವಕ್ಕೇ ಕುತ್ತು ತರಬಲ್ಲದು.

ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯವರಿಗೆ ಈ ಸಮಸ್ಯೆ ಹೊಸದಲ್ಲ. ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋದವರ ಗಾಡಿ ಮನೆ ಮುಂದಿನ ತಗಡಿನ ಕೆಳಗೆ ತಿಂಗಳುಗಟ್ಟಲೆ ನಿಂತಿರುತ್ತದೆ. ಹಬ್ಬಕ್ಕೋ ಬಿತ್ತನೆಗೋ ಊರಿಗೆ ಬಂದು ಕಿಕ್ ಹೊಡೆದರೆ ಕಾಲು ನೋಯುತ್ತದೆಯೇ ಹೊರತು ಇಂಜಿನ್ ಉಸಿರೆತ್ತುವುದಿಲ್ಲ. ‘ಇಂಜಿನ್ ಹೋಗಿದೆ, ಗುಜರಿಗೆ ಹಾಕು’ ಎನ್ನುವವರೂ ಸಿಗುತ್ತಾರೆ. ಆದರೆ ಬಹಳ ಸಲ ಕೆಟ್ಟಿರುವುದು ಇಂಜಿನ್ ಅಲ್ಲ, ಪೆಟ್ರೋಲ್.

ಪೆಟ್ರೋಲ್ ಕೆಡುತ್ತದೆಯೇ?

ಹೌದು, ಕೆಡುತ್ತದೆ. ಪೆಟ್ರೋಲ್ ಒಂದೇ ವಸ್ತುವಲ್ಲ, ಹಲವು ರಾಸಾಯನಿಕಗಳ ಮಿಶ್ರಣ. ಅದರಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಅಂಶಗಳು ಮೊದಲು ಆವಿಯಾಗುತ್ತವೆ. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಅಂಟಾಗುತ್ತದೆ. ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ, 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ಇದು ಇನ್ನೂ ಬೇಗ ಆಗುತ್ತದೆ.

ಕಾರ್ಬ್ಯುರೇಟರ್‌ನ ಕೆಲಸ ಪೆಟ್ರೋಲ್ ಮತ್ತು ಗಾಳಿಯನ್ನು ಹದವಾಗಿ ಬೆರೆಸುವುದು. ಅದರ ಕೆಳಭಾಗದಲ್ಲಿ ಬಟ್ಟಲಿನಂಥ ಚೇಂಬರ್ ಇದ್ದು, ಅಲ್ಲಿ ಸ್ವಲ್ಪವೇ ಪೆಟ್ರೋಲ್ ನಿಂತಿರುತ್ತದೆ. ಅಲ್ಲಿಗೆ ಗಾಳಿಯೂ ತಾಗುವುದರಿಂದ ಟ್ಯಾಂಕಿಗಿಂತ ಮೊದಲು ಕೆಡುವುದು ಅದೇ. ನಿಧಾನಗತಿಯಲ್ಲಿ ಇಂಜಿನ್ ನಡೆಸುವ ಪೈಲಟ್ ಜೆಟ್‌ನ ತೂತು ಅರ್ಧ ಮಿಲಿಮೀಟರ್‌ಗಿಂತಲೂ ಚಿಕ್ಕದು. ಚಿಟಿಕೆ ಅಂಟು ಸಾಕು, ಮುಚ್ಚಿಹೋಗುತ್ತದೆ.

1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವುದು ರೂಢಿ. ಪೆಟ್ರೋಲ್ ಆರಿದ ಮೇಲೂ ಆಯಿಲ್ ಉಳಿದು, ಜಿಡ್ಡು ಇನ್ನಷ್ಟು ಹೆಚ್ಚುತ್ತದೆ.

ನಿಮ್ಮ ಗಾಡಿಯಲ್ಲಿ ಕಾರ್ಬ್ಯುರೇಟರ್ ಇದೆಯೇ ಎಂದು ಮೊದಲು ನೋಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಬಹುತೇಕ ಬೈಕುಗಳಲ್ಲಿ ಅದರ ಬದಲು ಫ್ಯೂಯೆಲ್ ಇಂಜೆಕ್ಷನ್ ಇದೆ.

ಎಲ್ಲಕ್ಕೂ ಎಥೆನಾಲ್ ಕಾರಣವೇ?

‘ಇ-20 ಬಂದ ಮೇಲೆ ಹಳೆ ಬೈಕುಗಳೆಲ್ಲ ಹಾಳು’ ಎಂಬ ಮಾತು ಅರ್ಧ ಸತ್ಯ. ಎಥೆನಾಲ್ ಇಲ್ಲದ ಕಾಲದಲ್ಲೂ ನಿಂತ ಪೆಟ್ರೋಲ್ ಅಂಟಾಗುತ್ತಿತ್ತು. ಆದರೆ ಎಥೆನಾಲ್‌ಗೆ ನೀರನ್ನು ಹೀರುವ ಗುಣವಿದೆ. ನೀರು ಮಿತಿ ಮೀರಿದರೆ ಎಥೆನಾಲ್ ಜೊತೆಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ತುಕ್ಕಿಗೆ ದಾರಿಯಾಗುತ್ತದೆ. ಹಳೆ ಗಾಡಿಗಳ ರಬ್ಬರ್ ಭಾಗಗಳಿಗೂ ಅದು ಒಗ್ಗದಿರಬಹುದು. ಕೆಲವು ಹಳೆ ವಾಹನಗಳಲ್ಲಿ ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಆದ್ದರಿಂದ ಕಾರ್ಬ್ಯುರೇಟರ್ ಬಿಚ್ಚಿದಾಗ ರಬ್ಬರ್ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ ಎಂದೂ ನೋಡಿಸಿ.

ಲಕ್ಷಣ ನೋಡಿ ತಿಳಿಯುವುದು ಹೇಗೆ?

ಚೋಕ್ ಎಳೆದಾಗ ಸ್ಟಾರ್ಟ್ ಆಗಿ, ಚೋಕ್ ಬಿಟ್ಟ ಕೂಡಲೇ ನಿಂತರೆ ಪೈಲಟ್ ಜೆಟ್ ಮುಚ್ಚಿರುವ ಸಾಧ್ಯತೆ ಹೆಚ್ಚು. ಕಾರ್ಬ್ಯುರೇಟರ್ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಪೆಟ್ರೋಲ್ ಒಳಹರಿವು ತಡೆಯುವ ಫ್ಲೋಟ್ ಸೂಜಿ ಸಿಕ್ಕಿಕೊಂಡಿರಬಹುದು. ಎರಡೂ ಇಲ್ಲದಿದ್ದರೆ ಪ್ಲಗ್ ಮತ್ತು ಏರ್ ಫಿಲ್ಟರ್ ಮೊದಲು ನೋಡಿ.

ಸರಿಪಡಿಸುವುದು ಹೇಗೆ?

ಹಳೆ ಪೆಟ್ರೋಲ್ ಪೂರ್ತಿ ತೆಗೆಯಬೇಕು. ಪೆಟ್ರೋಲ್ ಕಾಕ್‌ನ ಪೈಪ್ ಬಿಚ್ಚಿ, ಕಾಕ್ ತಿರುಗಿಸಿದರೆ ಟ್ಯಾಂಕಿನದು ತಾನಾಗಿ ಡಬ್ಬಿಗೆ ಇಳಿಯುತ್ತದೆ. ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿದರೆ ಕಾರ್ಬ್ಯುರೇಟರ್‌ನದೂ ಬರುತ್ತದೆ. ಬಣ್ಣ ಕಪ್ಪಾಗಿ, ವಾರ್ನಿಶ್‌ನಂಥ ವಾಸನೆ ಬಂದರೆ ಅದು ಕೆಟ್ಟಿದೆ. ಟ್ಯಾಂಕಿನೊಳಗೆ ತುಕ್ಕು ಇದ್ದರೆ ಅದನ್ನೂ ತೊಳೆಸಬೇಕು. ಇಲ್ಲವಾದರೆ ಸ್ವಚ್ಛ ಮಾಡಿದ ಜೆಟ್ ಮತ್ತೆ ಕಟ್ಟಿಕೊಳ್ಳುತ್ತದೆ.

ನಂತರ ಕಾರ್ಬ್ಯುರೇಟರ್ ಬಿಚ್ಚಿ, ರಬ್ಬರ್ ಭಾಗ ಬೇರೆ ಇಟ್ಟು, ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಮತ್ತು ಗಾಳಿಯ ಒತ್ತಡದಿಂದ ಜೆಟ್‌ಗಳನ್ನು ತೊಳೆಯಬೇಕು. ಪಿನ್ ಚುಚ್ಚಬೇಡಿ. ಜೆಟ್ ಮೆತ್ತನೆಯ ಹಿತ್ತಾಳೆಯದು; ಉಕ್ಕಿನ ಪಿನ್ ತೂತನ್ನು ದೊಡ್ಡದು ಮಾಡಿದರೆ ಪೆಟ್ರೋಲ್ ಹೆಚ್ಚು ಹರಿದು ಹೊಗೆ ಏರುತ್ತದೆ, ಮೈಲೇಜ್ ಇಳಿಯುತ್ತದೆ. ಕೈ ಪಳಗದಿದ್ದರೆ ಈ ಕೆಲಸ ಮಿಸ್ತ್ರಿಗೆ ಬಿಡಿ. ನುಸಿಗುಳಿಗೆ ಪೆಟ್ರೋಲಿನಲ್ಲಿ ಕರಗುತ್ತದೆ ನಿಜ, ಆದರೆ ಒಣಗಿ ಕಟ್ಟಿಕೊಂಡ ಜೆಟ್ಟನ್ನು ಅದು ಬಿಡಿಸುವುದಿಲ್ಲ. ಥಿನ್ನರ್ ರಬ್ಬರನ್ನೂ ಟ್ಯಾಂಕಿನ ಬಣ್ಣವನ್ನೂ ತಿನ್ನುತ್ತದೆ.

ಬಾಯಲ್ಲಿ ಮಾತ್ರ ಎಳೆಯಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಪೆಟ್ರೋಲ್ ನೀರಿಗಿಂತ ತೆಳು. ಒಂದು ಗುಟುಕು ಗಂಟಲಿಗೆ ಬಂದರೆ ಕೆಮ್ಮಿನ ಜೊತೆ ಶ್ವಾಸಕೋಶಕ್ಕೆ ಜಾರಬಹುದು. ಅಲ್ಲಿ ಅದು ಉರಿಯೂತ ಉಂಟುಮಾಡುತ್ತದೆ; ನ್ಯುಮೋನಿಯಾದಂತೆ ಜ್ವರ, ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಬಹುದು. ಅಕಸ್ಮಾತ್ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಪೆಟ್ರೋಲ್ ಮತ್ತೊಮ್ಮೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ ಅಥವಾ 108ಕ್ಕೆ ಕರೆ ಮಾಡಿ.

ಬೆಂಕಿಯ ವಿಷಯದಲ್ಲೂ ಎಚ್ಚರ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕಂಟಿ ಹರಿದು ದೂರದ ಒಲೆಯನ್ನೂ ಮುಟ್ಟಬಹುದು. ಅಡುಗೆಮನೆ, ಬೀಡಿ, ದೀಪದ ಹತ್ತಿರ ಈ ಕೆಲಸ ಬೇಡ.

ಮತ್ತೆ ಊರು ಬಿಡುವಾಗ

ಬಯಲಿನಲ್ಲಿ ಗಾಡಿ ನಿಲ್ಲಿಸಿ ಸ್ಟಾರ್ಟ್ ಮಾಡಿ, ಪೆಟ್ರೋಲ್ ಕಾಕ್ ಬಂದ್ ಮಾಡಿ. ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲಿ. ಆಮೇಲೆ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದ ಹನಿಗಳನ್ನೂ ಡಬ್ಬಿಗೆ ತೆಗೆಯಿರಿ. ಐದು ನಿಮಿಷದ ಈ ಕೆಲಸ ಮುಂದಿನ ಸಲದ ಗ್ಯಾರೇಜ್ ಖರ್ಚು ಉಳಿಸುತ್ತದೆ.

ಗ್ರೂಪಿಗೆ ಏನಾದರೂ ಫಾರ್ವರ್ಡ್ ಮಾಡಲೇಬೇಕು ಅನಿಸಿದರೆ ನುಸಿಗುಳಿಗೆಯ ಸಲಹೆ ಬಿಟ್ಟು, ಪೆಟ್ರೋಲನ್ನು ಬಾಯಲ್ಲಿ ಎಳೆಯಬೇಡಿ ಎಂಬ ಮಾತನ್ನು ಕಳಿಸಿ.