ಮುಪ್ಪಿಲ್ಲದ ಸೆರೆಯಾಳು

ರಾಯಚೂರಿನ ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನ. ಅಷ್ಟು ದೊಡ್ಡ ಕಲ್ಲನ್ನು ಬಂಡಿಗೆ ಹೇರಿ, ಕೋಣಗಳ ಸಾಲು ಹೂಡಿ ಎಳೆತಂದ ಬಗೆಯನ್ನೂ ಗೋಡೆಯ ಮೇಲೆ ಗೀರಿ ತೋರಿಸಿದ್ದಾರೆ. ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವ ಆಳುಗಳೂ ಅಲ್ಲಿದ್ದಾರೆ. 1520ರಲ್ಲಿ ಕೃಷ್ಣದೇವರಾಯನ ಸೈನ್ಯ ಈ ಕೋಟೆಯನ್ನು ಮುತ್ತಿದಾಗ, ಗೋಡೆಯಿಂದ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಟ್ಟರೆಂದು ಪೋರ್ಚುಗೀಸ್ ನೂನಿಜ್ ಬರೆದಿದ್ದಾನೆ. ಗೋಡೆಯನ್ನು ಹತ್ತಬೇಕು, ಇಲ್ಲವೇ ಒಡೆಯಬೇಕು. ಮನುಷ್ಯರಿಗೆ ಗೊತ್ತಿರುವುದು ಈ ಎರಡೇ ದಾರಿ.

ಕಲ್ಲಿನ ಒಳಗೆ ಮೂರನೆಯದೊಂದು ದಾರಿಯಿದೆ.

ಎಲ್ಲ ಕಡೆಯ ಗ್ರಾನೈಟಿನಂತೆ ಈ ಸೀಮೆಯ ಗ್ರಾನೈಟಿನಲ್ಲೂ ಯುರೇನಿಯಂ ಬೆರೆತಿದೆ, ಟನ್ನಿಗೆ ಕೆಲವು ಗ್ರಾಂನಷ್ಟು. ದೇವದುರ್ಗದ ಕಡೆಯಿಂದ ಕೃಷ್ಣೆ ದಾಟಿದರೆ ಸಿಗುವ ಶಹಾಪುರ ತಾಲೂಕಿನ ಗೋಗಿಯಲ್ಲಂತೂ ಅದರ ನಿಕ್ಷೇಪವೇ ಇದೆ. ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ, ಅಂಥ ಹದಿನೈದು ಪಾಲು ಸೇರಿ ಯುರೇನಿಯಂ ಪರಮಾಣುವಿನ ಬೀಜಕೇಂದ್ರದ ಅಗಲವಾಗುತ್ತದೆ. ಆ ಇಕ್ಕಟ್ಟಿನಲ್ಲಿ ಆಲ್ಫಾ ಕಣ ಸೆರೆಯಾಗಿದೆ: ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಗಂಟು. ಕೋಣೆ ಕಿರಿದಾದಷ್ಟೂ ಒಳಗಿನ ಕಣಕ್ಕೆ ಚಡಪಡಿಕೆ ಹೆಚ್ಚು. ಇದು ಕ್ವಾಂಟಂ ಲೋಕದ ಕಟ್ಟಳೆ. ಸೆಕೆಂಡಿಗೆ, ಒಂದರ ಮುಂದೆ 21 ಸೊನ್ನೆ ಇಟ್ಟಷ್ಟು ಸಲ ಅದು ಗೋಡೆಗೆ ಬಡಿಯುತ್ತದೆ. ಆ ಗೋಡೆ ಏಳಾಳೆತ್ತರವಾದರೆ, ಕಣದ ಬಳಿ ಇರುವ ಶಕ್ತಿ ಒಂದಾಳೆತ್ತರದ ಏಣಿ.

ಆದರೂ ಅದು ಹೊರಗೆ ಬರುತ್ತದೆ. ಹೇಗೆಂದು 1928ರಲ್ಲಿ ಜಾರ್ಜ್ ಗ್ಯಾಮೊವ್ ವಿವರಿಸಿದರು. ಅದೇ ವರ್ಷ ಗರ್ನಿ ಮತ್ತು ಕಾಂಡನ್ ಬೇರೆಯಾಗಿಯೇ ಯೋಚಿಸಿ ಅದೇ ಉತ್ತರಕ್ಕೆ ಬಂದರು. ಕಣಕ್ಕೆ ಅಲೆಯ ಗುಣವೂ ಇದೆ. ಅಲೆ ಗೋಡೆಯೊಳಗೆ ಹೋದಂತೆ ಸೊರಗುತ್ತದೆ, ಆದರೆ ಪೂರ್ತಿ ಸೊನ್ನೆಯಾಗುವುದಿಲ್ಲ. ಆಚೆ ಬದಿಯಲ್ಲಿ ಉಳಿಯುವ ಆ ಕಿಂಚಿತ್ತೇ ಕಣ ಹೊರಗೆ ಕಾಣಿಸಿಕೊಳ್ಳುವ ಸಂಭವ. ಇದಕ್ಕೆ ಟನಲಿಂಗ್ ಎಂಬ ಹೆಸರಿದೆ, ಆದರೆ ಅಲ್ಲಿ ಯಾರೂ ಸುರಂಗ ಕೊರೆದಿಲ್ಲ. ಒಂದು ಕಲ್ಲೂ ಕದಲದೆ ಸೆರೆಯಾಳು ಹೊರಗಿರುತ್ತಾನೆ.

ಏಣಿ ತುಸು ಉದ್ದವಾದರೂ ಕಥೆಯೇ ಬದಲಾಗುತ್ತದೆ. ಯುರೇನಿಯಂ-238ರಲ್ಲಿ ಅರ್ಧ ಪಾಲು ಒಡೆಯಲು 447 ಕೋಟಿ ವರ್ಷ ಬೇಕು. ಆಲ್ಫಾ ಕಣಕ್ಕೆ ಅದರ ಇಮ್ಮಡಿ ಶಕ್ತಿಯಿರುವ ಪೊಲೋನಿಯಂ-212ಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಬೇಡ.

ಬಿಡದೆ ಬಡಿದರೆ ಎಂಥ ಗೋಡೆಯೂ ಸವೆಯುತ್ತದೆ ಎಂಬ ನೀತಿಯನ್ನು ಇದರಿಂದ ತೆಗೆಯುವಂತಿಲ್ಲ. ಗೋಡೆ ಸವೆಯುವುದೇ ಇಲ್ಲ. ಪ್ರತಿ ಬಡಿತವೂ ಮೊದಲ ಬಡಿತವೇ. ಕೋಟಿ ಕೋಟಿ ವರ್ಷ ಉಳಿದುಬಂದ ಬೀಜಕೇಂದ್ರಕ್ಕೂ ನಿನ್ನೆ ಹುಟ್ಟಿದ್ದಕ್ಕೂ ನಾಳೆ ಒಡೆಯುವ ಸಂಭವ ಒಂದೇ. ಅದಕ್ಕೆ ಮುಪ್ಪು ಎಂಬುದಿಲ್ಲ.

ಮುಪ್ಪಿಲ್ಲದ್ದರಿಂದಲೇ ಅದು ನಂಬಿಕೆಯ ಗಡಿಯಾರವಾಗಿದೆ. ಮಾನ್ವಿಯ ಭತ್ತದ ಗದ್ದೆಗಳಾಚೆ ಕಾಣುವಂಥ ಬಂಡೆಗಳಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಹರಳು ಬೆಳೆಯುವಾಗ ಯುರೇನಿಯಂ ಒಳಗೆ ಸೇರುತ್ತದೆ, ಸೀಸ ಸೇರುವುದಿಲ್ಲವೆಂದೇ ಹೇಳಬೇಕು. ಯುರೇನಿಯಂ-238 ಒಂದೊಂದಾಗಿ ಎಂಟು ಆಲ್ಫಾ ಕಣಗಳನ್ನು ಹೊರಬಿಟ್ಟು ಕೊನೆಗೆ ಸೀಸವಾಗುತ್ತದೆ. ಹಾಗಾಗಿ ಈಗ ಅಲ್ಲಿ ಸಿಗುವ ಸೀಸವೆಲ್ಲ ಹೊರಟುಹೋದ ಸೆರೆಯಾಳುಗಳ ಲೆಕ್ಕ. ನೂರು ಯುರೇನಿಯಂನಲ್ಲಿ ಸುಮಾರು 68 ಉಳಿದು 32 ಸೀಸವಾಗಿದ್ದರೆ, ಬಂಡೆಗೆ 250 ಕೋಟಿ ವರ್ಷ. ಈ ಸೀಮೆಯ ಗ್ರಾನೈಟುಗಳ ವಯಸ್ಸು ಹೆಚ್ಚುಕಡಿಮೆ ಅಷ್ಟೇ.

ಯಾವ ಬೀಜಕೇಂದ್ರ ಯಾವ ಕ್ಷಣ ಒಡೆದೀತೆಂದು ಯಾರೂ ಹೇಳಲಾರರು. ಕೋಟ್ಯಂತರ ಸೇರಿದಾಗ ಮಾತ್ರ ಆ ಲೆಕ್ಕ ಶಾಸನದಷ್ಟೇ ಗಟ್ಟಿ. ಮಕ್ಕಳನ್ನು ಕೋಟೆ ತೋರಿಸಲು ಕರೆದೊಯ್ಯುವ ಮಾಸ್ತರರು ಆ ಉದ್ದನೆಯ ಕಲ್ಲಿನ ಮುಂದೆ ನಿಂತು ಎರಡು ಕಾಲವನ್ನೂ ಹೇಳಲಿ: ಮೇಲೆ ಉಳಿಯಿಂದ ಕೊರೆದ 1294, ಒಳಗೆ ಕಲ್ಲು ತಾನೇ ಬರೆದಿಟ್ಟುಕೊಂಡ 250 ಕೋಟಿ.